ಅಳೆಯುವವರನ್ನೇ ಅಳೆದಾಗ: ಮನೋವಿಜ್ಞಾನ ವಿಜ್ಞಾನವಾದ ಬಗೆ

ಹೋದ ವರ್ಷ ಜೂನ್‌ನಲ್ಲಿ ಅಕ್ಕ ಫೋನ್ ಮಾಡಿದಳು. ಮಗನ ಶಾಲೆಯಲ್ಲಿ ಮಕ್ಕಳಿಗೆಲ್ಲ ಬುದ್ಧಿಶಕ್ತಿ ಪರೀಕ್ಷೆ ಮಾಡಿಸಿದ್ದರಂತೆ. ಕಂಪ್ಯೂಟರ್ ಮುಂದೆ ಕೂರಿಸಿ 40 ನಿಮಿಷ. ಆಮೇಲೆ ಮನೆಗೆ ಒಂದು ಹಾಳೆ ಬಂದಿದೆ. ಅದರಲ್ಲಿ ಒಂದು ಸಂಖ್ಯೆ: 84. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. "ಇವನು ದಡ್ಡ ಅಂತಾನಾ ಇದರ ಅರ್ಥ?" ಅಂತ ಕೇಳುವಾಗ ಅವಳ ದನಿ ನಡುಗುತ್ತಿತ್ತು.

ಹುಡುಗನಿಗೆ ಎಂಟು ವರ್ಷ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಪರೀಕ್ಷೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹಿಂದಿನ ರಾತ್ರಿ ಅವನಿಗೆ ಜ್ವರ ಬೇರೆ ಬಂದಿತ್ತು. ಇದ್ಯಾವುದೂ ಆ ಹಾಳೆಯಲ್ಲಿ ಇರಲಿಲ್ಲ. ಅಳೆದದ್ದು ಯಾರು, ಯಾವ ಅಳತೆಗೋಲಿನಿಂದ, ಆ ಅಳತೆಯಲ್ಲಿ ಎಷ್ಟು ಆಚೀಚೆ ಆಗಬಹುದು, ಒಂದನ್ನೂ ಬರೆದಿರಲಿಲ್ಲ. ಸಂಖ್ಯೆ ಮಾತ್ರ ದೊಡ್ಡ ಅಕ್ಷರದಲ್ಲಿತ್ತು.

ಈಗ ಇಂಥ ಸಂಖ್ಯೆಗಳು ಎಲ್ಲ ಕಡೆ ಸಿಗುತ್ತವೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ವಿಜ್ಞಾನವೋ ಕಾಮರ್ಸೋ ಅಂತ ಹೇಳುವ ಪರೀಕ್ಷೆ ಇದೆ. ಕೆಲಸಕ್ಕೆ ಅರ್ಜಿ ಹಾಕಿದರೆ ಸ್ವಭಾವ ಅಳೆಯುವ ಪ್ರಶ್ನಾವಳಿ ಇದೆ. ಫೋನಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿದರೆ ನೀವು ಎಂಥವರು ಅಂತ ಹೇಳಿಬಿಡುತ್ತದೆ. ಅತ್ತ ಮನೋವಿಜ್ಞಾನಿಗಳೇ ತಮ್ಮ ಹಳೆಯ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, ಬಹಳಷ್ಟು ನಿಲ್ಲುತ್ತಿಲ್ಲ ಅಂತ ಒಪ್ಪಿಕೊಳ್ಳುತ್ತಿದ್ದಾರೆ. ಹಾಗಾದರೆ ಮನಸ್ಸನ್ನು ಅಳೆಯಬಹುದು ಅನ್ನುವ ಧೈರ್ಯ ಮೊದಲು ಎಲ್ಲಿಂದ ಬಂತು? ಅದರಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು? ಇದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಠ್ಯಪುಸ್ತಕಗಳು ಈ ಕತೆಯನ್ನು 1879ರಿಂದ ಶುರು ಮಾಡುತ್ತವೆ. ಆ ವರ್ಷ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಶಾಲೆ ತೆರೆದರು. ಅದು ಸರಿಯೇ. ಆದರೆ ನನಗೆ ಇದರ ನಿಜವಾದ ಮೊದಲ ಪುಟ ಕಾಣಿಸುವುದು ಅದಕ್ಕೂ 83 ವರ್ಷ ಮುಂಚೆ, ಕೆಲಸ ಕಳೆದುಕೊಂಡ ಒಬ್ಬ ಸಹಾಯಕನ ಬದುಕಿನಲ್ಲಿ.

ಸೆಕೆಂಡಿನ ಎಂಟು ಹತ್ತಾಂಶ

1796ರ ಜನವರಿ. ಲಂಡನ್ ಹತ್ತಿರದ ಗ್ರೀನಿಚ್ ವೀಕ್ಷಣಾಲಯ. ಅಲ್ಲಿ ನೆವಿಲ್ ಮ್ಯಾಸ್ಕೆಲಿನ್ ಮುಖ್ಯಸ್ಥರು, ಡೇವಿಡ್ ಕಿನ್ನೆಬ್ರೂಕ್ ಅವರ ಸಹಾಯಕ. ಟೆಲಿಸ್ಕೋಪಿನ ಒಳಗೆ ಒಂದು ಸಣ್ಣ ಎಳೆ ಇರುತ್ತಿತ್ತು. ನಕ್ಷತ್ರ ಆ ಎಳೆಯನ್ನು ದಾಟುವ ಹೊತ್ತನ್ನು ಬರೆದಿಡಬೇಕಿತ್ತು. ಕಣ್ಣು ನಕ್ಷತ್ರದ ಮೇಲೆ, ಕಿವಿ ಪಕ್ಕದ ಗಡಿಯಾರದ ಟಿಕ್ ಟಿಕ್ ಮೇಲೆ. ಒಂದು ಟಿಕ್ ಆದಾಗ ನಕ್ಷತ್ರ ಎಳೆಯ ಈಚೆ ಇತ್ತು, ಮುಂದಿನ ಟಿಕ್‌ಗೆ ಆಚೆ ಹೋಯಿತು. ಹಾಗಾದರೆ ಸರಿಯಾಗಿ ದಾಟಿದ್ದು ಯಾವಾಗ? ಮನಸ್ಸಿನಲ್ಲೇ ಲೆಕ್ಕ ಹಾಕಿ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಬರೆಯಬೇಕು.

ಕಿನ್ನೆಬ್ರೂಕ್ ಬರೆದ ಹೊತ್ತು ಮ್ಯಾಸ್ಕೆಲಿನ್ ಬರೆದದ್ದಕ್ಕಿಂತ ಯಾವಾಗಲೂ ತಡ. ಮೊದಲು ಅರ್ಧ ಸೆಕೆಂಡ್. ತಿದ್ದಿಕೋ ಅಂತ ಹೇಳಿದರೂ ಅಂತರ ಹೆಚ್ಚಾಗಿ ಸೆಕೆಂಡಿನ ಎಂಟು ಹತ್ತಾಂಶಕ್ಕೆ ಬಂತು. ಹಡಗುಗಳು ಸಮುದ್ರದಲ್ಲಿ ದಾರಿ ಕಂಡುಕೊಳ್ಳುತ್ತಿದ್ದದ್ದು ಇಂಥ ಲೆಕ್ಕಗಳನ್ನು ನಂಬಿ. ಮ್ಯಾಸ್ಕೆಲಿನ್ ಅವನನ್ನು ಕೆಲಸದಿಂದ ತೆಗೆದುಹಾಕಿದರು. ತೆಗೆದ ಕಾರಣವನ್ನು ಪ್ರಾಮಾಣಿಕವಾಗಿ ದಾಖಲೆಯಲ್ಲೂ ಬರೆದಿಟ್ಟರು.

ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಆ ದಾಖಲೆಯ ವಿಷಯ ಫ್ರೀಡ್ರಿಶ್ ಬೆಸೆಲ್ ಅನ್ನುವ ಖಗೋಳಜ್ಞರ ಕಣ್ಣಿಗೆ ಬಿತ್ತು. ಆಗ ಅವರು ಪ್ರಶ್ಯಾದ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿದ್ದರು. ಅವರಿಗೊಂದು ಸಂಶಯ ಬಂತು. ಹುಡುಗ ತಿದ್ದಿಕೊಳ್ಳಬೇಕು ಅಂತ ಪ್ರಯತ್ನಪಟ್ಟೂ ಆಗಲಿಲ್ಲ ಅಂದರೆ ಅದು ಸೋಮಾರಿತನ ಆಗಿರಲಿಕ್ಕಿಲ್ಲ, ಅಲ್ವಾ? ಬೆಸೆಲ್ ತಮ್ಮನ್ನೇ ಬೇರೆ ನುರಿತ ಖಗೋಳಜ್ಞರ ಜೊತೆ ಹೋಲಿಸಿ ನೋಡಿದರು. ಒಬ್ಬರ ಜೊತೆಗಂತೂ ಅಂತರ ಒಂದು ಸೆಕೆಂಡಿಗೂ ಜಾಸ್ತಿ ಬಂತು. ಇಬ್ಬರೂ ಹೆಸರಾಂತರು, ಇಬ್ಬರೂ ಎಚ್ಚರದವರು. ಆದರೂ ಒಂದೇ ನಕ್ಷತ್ರ ಇಬ್ಬರಿಗೂ ಒಂದೇ ಹೊತ್ತಿಗೆ ದಾಟಲಿಲ್ಲ. ನೋಡುವ ಪ್ರತಿಯೊಬ್ಬರಿಗೂ ಅವರದೇ ಆದ ತಡ ಇರುತ್ತದೆ, ಅದನ್ನು ಅಳೆದು ಲೆಕ್ಕದಿಂದ ಕಳೆಯಬೇಕು ಅನ್ನುವ ತೀರ್ಮಾನಕ್ಕೆ ಖಗೋಳಜ್ಞರು ಬಂದರು.

ಕಿನ್ನೆಬ್ರೂಕ್‌ಗೆ ಇದು ಗೊತ್ತಾಗಲೇ ಇಲ್ಲ. ಅವನು 1802ರಲ್ಲೇ ತೀರಿಕೊಂಡಿದ್ದ.

ನಾನು ಈ ಘಟನೆಗೆ ಇಷ್ಟು ಜಾಗ ಕೊಡುತ್ತಿರುವುದಕ್ಕೆ ಕಾರಣ ಇದೆ. ಅಲ್ಲಿಯವರೆಗೆ ವಿಜ್ಞಾನಿಗಳು ನಕ್ಷತ್ರವನ್ನು ಅಳೆದಿದ್ದರು, ಕಲ್ಲನ್ನು, ಗಾಳಿಯನ್ನು ಅಳೆದಿದ್ದರು. ಅಳೆಯುವವನನ್ನು ಅಳೆದಿರಲಿಲ್ಲ. ಮನೋವಿಜ್ಞಾನದ ಒಳ್ಳೆಯ ಕೆಲಸಗಳೆಲ್ಲ ಈ ಸಂಶಯದಿಂದ ಹುಟ್ಟಿದವು ಅನ್ನುವುದು ನನ್ನ ಅಭಿಪ್ರಾಯ. ಅದರ ದೊಡ್ಡ ತಪ್ಪುಗಳು ಈ ಸಂಶಯವನ್ನು ಮರೆತಾಗ ಆದವು.

ಒಂದೇ ಊರಿನ ಮೂವರು

ಕ್ಯೋನಿಗ್ಸ್‌ಬರ್ಗ್ ಈಗ ರಷ್ಯಾದ ಕಲಿನಿನ್‌ಗ್ರಾಡ್. ಅದು ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಅವರ ಊರು. ಮನಸ್ಸಿನ ಅಧ್ಯಯನ ಎಂದೂ ನಿಜವಾದ ವಿಜ್ಞಾನ ಆಗಲಾರದು ಅಂತ ಕಾಂಟ್ 1786ರಲ್ಲಿ ಬರೆದಿದ್ದರು. ಒಳಗಿನ ಅನುಭವಕ್ಕೆ ಗಣಿತ ಅನ್ವಯಿಸುವುದಿಲ್ಲ, ಅದನ್ನು ಬಿಡಿಸಿಟ್ಟು ಪ್ರಯೋಗ ಮಾಡಲಾಗುವುದಿಲ್ಲ, ನೋಡಲು ಹೋದರೆ ಸಾಕು ಅದೇ ಬದಲಾಗಿಬಿಡುತ್ತದೆ ಅನ್ನುವುದು ಅವರ ವಾದ. ಸುಮ್ನೆ ತಳ್ಳಿಹಾಕುವಂಥ ವಾದ ಅಲ್ಲ ಇದು. ಕೋಪ ಬಂದಾಗ 'ನನಗೆ ಎಷ್ಟು ಕೋಪ ಬಂದಿದೆ' ಅಂತ ಒಳಗೆ ನೋಡಲು ಹೋಗಿ. ಅಷ್ಟರಲ್ಲಿ ಕೋಪ ಅರ್ಧ ಇಳಿದಿರುತ್ತದೆ.

ಅದೇ ಊರಿನಲ್ಲಿ ಬೆಸೆಲ್ ನೋಡುವವರ ತಡವನ್ನು ಅಳೆದರು. ಅದೇ ಊರಿನಲ್ಲಿ 1850ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆದರು. ಅದನ್ನು ಅಳೆಯುವುದು ಅಸಾಧ್ಯ ಅಂತ ಅವರ ಗುರು ಯೊಹಾನೆಸ್ ಮ್ಯುಲರ್ ಅವರೇ ನಂಬಿದ್ದರು. ಹೆಲ್ಮ್‌ಹೋಲ್ಟ್ಸ್ ಉಪಾಯ ಸರಳವಾಗಿತ್ತು. ಸ್ನಾಯುವಿನ ಹತ್ತಿರ ನರಕ್ಕೆ ವಿದ್ಯುತ್ ಮುಟ್ಟಿಸಿ, ಸ್ನಾಯು ಕುಗ್ಗಲು ಹಿಡಿದ ಹೊತ್ತು ಬರೆದುಕೊಂಡರು. ಆಮೇಲೆ ಸ್ವಲ್ಪ ದೂರದಲ್ಲಿ ಮುಟ್ಟಿಸಿದರು. ಎರಡರ ನಡುವಿನ ವ್ಯತ್ಯಾಸವೇ ಆ ದೂರವನ್ನು ಕ್ರಮಿಸಲು ಬೇಕಾದ ಹೊತ್ತು. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಹೆದ್ದಾರಿಯಲ್ಲಿ ಹೋಗುವ ಕಾರಿನಷ್ಟು ವೇಗ, ಅಷ್ಟೇ. ಯೋಚನೆ ಅಂದರೆ ಮಿಂಚು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಇದು ದೊಡ್ಡ ಆಘಾತ. ಮುಟ್ಟಿದ್ದಕ್ಕೂ ಮುಟ್ಟಿದ್ದು ಗೊತ್ತಾಗುವುದಕ್ಕೂ ನಡುವೆ ಹೊತ್ತು ಇದೆ. ಹೊತ್ತು ಇದೆ ಅಂದಮೇಲೆ ಅಳೆಯಬಹುದು.

1868ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾಂಡರ್ಸ್ ಇದೇ ಕಳೆಯುವ ಲೆಕ್ಕವನ್ನು ಯೋಚನೆಗೂ ತಂದರು. ದೀಪ ಹತ್ತಿದ ಕೂಡಲೇ ಗುಂಡಿ ಒತ್ತು ಅಂದರೆ ಒಂದಿಷ್ಟು ಹೊತ್ತು. ಎರಡು ದೀಪ ಇಟ್ಟು, ಬಲದ್ದು ಹತ್ತಿದರೆ ಬಲಗೈ, ಎಡದ್ದು ಹತ್ತಿದರೆ ಎಡಗೈ ಅಂದರೆ ಸ್ವಲ್ಪ ಜಾಸ್ತಿ ಹೊತ್ತು. ಆ ಜಾಸ್ತಿ ಹೊತ್ತೇ ಆರಿಸಿಕೊಳ್ಳುವುದಕ್ಕೆ ಮನಸ್ಸು ತೆಗೆದುಕೊಂಡದ್ದು.

ಕೈವಾರ, ಚೀಲ ಮತ್ತು ಅಕ್ಟೋಬರ್ 22

ಇನ್ನೊಂದು ದಾರಿ ಲೈಪ್‌ಜಿಗ್‌ನಲ್ಲಿ ತೆರೆಯಿತು. ಅಲ್ಲಿ ಅರ್ನ್ಸ್ಟ್ ವೇಬರ್ ಅನ್ನುವ ಶರೀರಶಾಸ್ತ್ರಜ್ಞರು 1830ರ ಸುಮಾರಿಗೆ ಸ್ಪರ್ಶದ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಸಲಕರಣೆ ಏನು ಗೊತ್ತಾ? ಕೈವಾರ. ನಮ್ಮ ಜಾಮಿಟ್ರಿ ಬಾಕ್ಸಿನಲ್ಲಿ ಇರುವಂಥದ್ದೇ.

ಇದನ್ನು ನಾನು ಅಕ್ಕನ ಮಗನ ಜೊತೆ ಕೂತು ಮಾಡಿ ನೋಡಿದ್ದೇನೆ. ಎರಡೂ ಕಡೆ ಮೊನೆ ಇರುವ ಕೈವಾರ ತಗೊಂಡು, ಮೊನೆಗಳ ನಡುವೆ ಅರ್ಧ ಸೆಂಟಿಮೀಟರ್ ಅಂತರ ಇಟ್ಟೆ. ಅವನು ಕಣ್ಣು ಮುಚ್ಚಿಕೊಂಡ. ಬೆರಳ ತುದಿಗೆ ಮೆಲ್ಲಗೆ ತಾಗಿಸಿದೆ. "ಎರಡು" ಅಂದ. ಮೊಣಕೈ ಕೆಳಗೆ ತಾಗಿಸಿದೆ. "ಒಂದೇ" ಅಂದ. ಅಂತರ ಅಗಲ ಮಾಡುತ್ತಾ ಹೋದೆ. ಎರಡು ಸೆಂಟಿಮೀಟರಿಗೂ "ಒಂದೇ, ಮಾಮ". ಕಣ್ಣು ಬಿಟ್ಟು ನೋಡಿ ಎರಡು ಮೊನೆ ಕಂಡಾಗ ಅವನ ಮುಖ ನೋಡಬೇಕಿತ್ತು. ಬೆನ್ನಿನ ಮೇಲೆ ಎರಡು ಮೊನೆ ಬೇರೆ ಬೇರೆ ಅಂತ ಗೊತ್ತಾಗಬೇಕಾದರೆ ನಾಲ್ಕು ಸೆಂಟಿಮೀಟರ್ ಆದರೂ ಬೇಕು. ಚರ್ಮ ಒಂದೇ, ಆದರೆ ಮನಸ್ಸಿಗೆ ಸಿಗುವ ವರದಿ ಬೇರೆ ಬೇರೆ.

ವೇಬರ್ ತೂಕಗಳನ್ನೂ ಎತ್ತಿಸಿ ನೋಡಿದರು. ತರಕಾರಿ ತರುವವರಿಗೆಲ್ಲ ಇದು ಗೊತ್ತು. ಚೀಲದಲ್ಲಿ 200 ಗ್ರಾಂ ಬೀನ್ಸ್ ಮಾತ್ರ ಇದ್ದಾಗ 50 ಗ್ರಾಂ ಹಸಿಮೆಣಸಿನಕಾಯಿ ಹಾಕಿದರೆ ಕೈಗೆ ತಿಳಿಯುತ್ತದೆ. ಹತ್ತು ಕಿಲೋ ಅಕ್ಕಿ ಚೀಲದ ಮೇಲೆ ಅದೇ 50 ಗ್ರಾಂ ಹಾಕಿದರೆ ತಿಳಿಯುವುದಿಲ್ಲ. ವ್ಯತ್ಯಾಸ ಗೊತ್ತಾಗಲು ಬೇಕಾದ ತೂಕ ಇಷ್ಟೇ ಅಂತ ಇಲ್ಲ. ಮೊದಲು ಎಷ್ಟಿತ್ತೋ ಅದರ ಒಂದು ಪಾಲಾಗಿರುತ್ತದೆ.

ಇದನ್ನು ಗಣಿತ ಮಾಡಿದವರು ಅದೇ ಊರಿನ ಗುಸ್ಟಾವ್ ಫೆಕ್ನರ್. ಅವರ ಬದುಕು ವಿಚಿತ್ರ. ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದರು. ಬಣ್ಣದ ಗಾಜು ಹಿಡಿದು ಸೂರ್ಯನನ್ನು ನೋಡುವ ಪ್ರಯೋಗ ಮಾಡಿ ಮಾಡಿ ಕಣ್ಣು ಕೆಡಿಸಿಕೊಂಡರು. ಹುದ್ದೆ ಬಿಟ್ಟು ಸುಮಾರು ಮೂರು ವರ್ಷ ಕತ್ತಲ ಕೋಣೆಯಲ್ಲಿ ಬದುಕಿದರು. ಹೇಗೋ ಚೇತರಿಸಿಕೊಂಡರು. 1850ರ ಅಕ್ಟೋಬರ್ 22ರ ಬೆಳಿಗ್ಗೆ, ಇನ್ನೂ ಹಾಸಿಗೆಯಲ್ಲಿ ಇರುವಾಗಲೇ, ಹೊರಗಿನ ಪ್ರಚೋದನೆಗೂ ಒಳಗಿನ ಅನುಭವಕ್ಕೂ ಗಣಿತದ ಸಂಬಂಧ ಇದೆ ಅಂತ ಅವರಿಗೆ ಹೊಳೆಯಿತು. ಹೊರಗೆ ಬೆಳಕು ದುಪ್ಪಟ್ಟಾದರೆ ಒಳಗೆ ದುಪ್ಪಟ್ಟಾಗುವುದಿಲ್ಲ. ಹೊರಗೆ ಒಂದು, ಎರಡು, ನಾಲ್ಕು, ಎಂಟು ಅಂತ ಪಟ್ಟು ಪಟ್ಟಾಗಿ ಏರಿದರೆ ಒಳಗೆ ಒಂದು, ಎರಡು, ಮೂರು, ನಾಲ್ಕು ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹತ್ತು ವರ್ಷ ದುಡಿದು 1860ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಕಾಂಟ್ ಆಗದು ಅಂದದ್ದು ಪೂರ್ತಿ ಅಲ್ಲದಿದ್ದರೂ ಒಂದು ಮೂಲೆಯಲ್ಲಿ ಆಗಿತ್ತು. ಮನೋವಿಜ್ಞಾನಿಗಳಲ್ಲಿ ಕೆಲವರು ಈಗಲೂ ಅಕ್ಟೋಬರ್ 22ನ್ನು ಫೆಕ್ನರ್ ದಿನ ಅಂತ ಆಚರಿಸುತ್ತಾರೆ.

ಲೈಪ್‌ಜಿಗ್‌ನ ಕೋಣೆಗಳು

ಈಗ ವುಂಟ್. ಹೆಲ್ಮ್‌ಹೋಲ್ಟ್ಸ್‌ಗೆ ಹೈಡೆಲ್‌ಬರ್ಗ್‌ನಲ್ಲಿ ಸಹಾಯಕರಾಗಿದ್ದವರು. 1875ರಲ್ಲಿ ಲೈಪ್‌ಜಿಗ್‌ಗೆ ಬಂದರು. ವಿದ್ಯಾರ್ಥಿಗಳ ಊಟದ ಮನೆ ಇದ್ದ ಹಳೆಯ ಕಟ್ಟಡದಲ್ಲಿ ಸಲಕರಣೆ ಇಡಲು ಅವರಿಗೆ ಜಾಗ ಸಿಕ್ಕಿತು. ಅಲ್ಲೇ 1879ರಲ್ಲಿ ವಿದ್ಯಾರ್ಥಿಗಳು ಸಂಶೋಧನೆ ಶುರು ಮಾಡಿದರು. ವಿಶ್ವವಿದ್ಯಾಲಯ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ನಾಲ್ಕು ವರ್ಷ ಆದ ಮೇಲೆ. ಆ ಕಟ್ಟಡ ಈಗಿಲ್ಲ.

ಅಲ್ಲಿ ಒಂದು ದಿನ ಹೇಗಿರುತ್ತಿತ್ತು? ಮೇಜಿನ ಮೇಲೆ ಹಿಪ್ ಕ್ರೋನೋಸ್ಕೋಪ್ ಅನ್ನುವ ಗಡಿಯಾರ. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ತೋರಿಸುವಂಥದ್ದು. ಒಂದು ಲೋಹದ ಗುಂಡು ಹಲಗೆಯ ಮೇಲೆ ಬಿದ್ದು ಟಪ್ ಅನ್ನುತ್ತದೆ, ಗಡಿಯಾರ ಓಡಲು ಶುರು. ಎದುರು ಕೂತವನು ಶಬ್ದ ಕೇಳಿದ ಕೂಡಲೇ ಟೆಲಿಗ್ರಾಫ್ ಕೀಲಿಯಿಂದ ಬೆರಳು ಎತ್ತುತ್ತಾನೆ, ಗಡಿಯಾರ ನಿಲ್ಲುತ್ತದೆ. ಬರೆದುಕೊಳ್ಳುತ್ತಾರೆ. ಮತ್ತೆ ಗುಂಡು. ಹೀಗೆ ನೂರಾರು ಸಲ. ನಾಳೆ ಇಬ್ಬರೂ ಜಾಗ ಬದಲಿಸಿಕೊಳ್ಳುತ್ತಾರೆ. ಇವತ್ತು ಪರೀಕ್ಷಿಸಿದವನು ನಾಳೆ ಪರೀಕ್ಷೆಗೆ ಕೂರುತ್ತಾನೆ. ಈ ಜಾಗ ಬದಲಿಸುವ ಪದ್ಧತಿ ನನಗೆ ಬಹಳ ಇಷ್ಟ. ಅಲ್ಲಿ ಅಳೆಯುವವನು ಮೇಲು, ಅಳೆಸಿಕೊಳ್ಳುವವನು ಕೀಳು ಅನ್ನುವುದು ಇರಲಿಲ್ಲ. ಮುಂದೆ ಈ ಪದ್ಧತಿ ಹೋಗಿಬಿಟ್ಟಿತು.

ವುಂಟ್ ಕೈಕೆಳಗೆ 180ಕ್ಕೂ ಹೆಚ್ಚು ಜನ ಡಾಕ್ಟರೇಟ್ ಮಾಡಿದರು. ಅವರು ಹೋದಲ್ಲೆಲ್ಲ ಪ್ರಯೋಗಶಾಲೆ ಎದ್ದಿತು. ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಹಾರ್ವರ್ಡ್‌ಗೆ ಹೋದರು. ಅಲ್ಲಿ ಕಲಿತ ನರೇಂದ್ರನಾಥ್ ಸೇನ್‌ಗುಪ್ತಾ ಕಲ್ಕತ್ತೆಯಲ್ಲಿ 1916ರಲ್ಲಿ ಭಾರತದ ಮೊದಲ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಚಾರ್ಲ್ಸ್ ಸ್ಪಿಯರ್‌ಮನ್ ಲಂಡನ್‌ಗೆ ಹೋದರು. ಅವರ ಬಳಿ ಕಲಿತವರು ನಮ್ಮ ಎಂ.ವಿ. ಗೋಪಾಲಸ್ವಾಮಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರು ಮಾಡಿದರು. ಆಗ ಅಲ್ಲಿ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಸೀಲ್. ಹಿಂದೆ ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನೋವಿಜ್ಞಾನಕ್ಕೆ ಪಠ್ಯಕ್ರಮ ಬರೆದವರೂ ಅವರೇ. ಮೈಸೂರಿನ ಹಿರಿಯರಿಗೆ ಗೋಪಾಲಸ್ವಾಮಿ ಅಂದರೆ ರೇಡಿಯೋ ನೆನಪಾಗುತ್ತದೆ. 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿ 'ಆಕಾಶವಾಣಿ' ಅನ್ನುವ ಹೆಸರು ಬಳಸಿದವರು. ಆದರೆ ಲೈಪ್‌ಜಿಗ್‌ನಿಂದ ಮೈಸೂರಿಗೆ ಎರಡೇ ಹೆಜ್ಜೆ ಅನ್ನುವುದು ಎಷ್ಟು ಜನರಿಗೆ ಗೊತ್ತು?

ವುಂಟ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪ್ರಯೋಗಶಾಲೆಯಲ್ಲಿ ಸಿಗುವುದು ಸರಳ ಸಂಗತಿಗಳು ಮಾತ್ರ, ಭಾಷೆ, ಆಚಾರ, ಪುರಾಣ, ಗಾಢವಾದ ಯೋಚನೆ ಅಲ್ಲಿ ಸಿಗುವುದಿಲ್ಲ ಅಂತ ಅವರು ನಂಬಿದ್ದರು. ಅದಕ್ಕೆ ಜನರ ಬದುಕನ್ನೇ ಓದಬೇಕು ಅಂತ ಕೊನೆಯ ಇಪ್ಪತ್ತು ವರ್ಷ ಕೂತು ಹತ್ತು ಸಂಪುಟ ಬರೆದರು. ಹೆಚ್ಚಿನ ಶಿಷ್ಯರು ಗಡಿಯಾರವನ್ನು ತಗೊಂಡು ಹೋದರು, ಈ ಹತ್ತು ಸಂಪುಟಗಳನ್ನು ಅಲ್ಲೇ ಬಿಟ್ಟರು. ಅದರ ಬೆಲೆಯನ್ನು ಇವತ್ತಿಗೂ ಕೊಡುತ್ತಿದ್ದೇವೆ.

ಕುದುರೆ ಕಲಿಸಿದ ಪಾಠ

ಶಿಷ್ಯರ ಕಾಲದಲ್ಲೇ ಒಂದು ಬಿಕ್ಕಟ್ಟು ಎದ್ದಿತು. ಅಮೆರಿಕದಲ್ಲಿ ಟಿಚನರ್, ಜರ್ಮನಿಯ ವ್ಯುರ್ಟ್ಸ್‌ಬರ್ಗ್‌ನಲ್ಲಿ ಕ್ಯುಲ್ಪೆ. ಇಬ್ಬರೂ ವುಂಟ್ ಬಳಿ ಕಲಿತವರೇ. ಪಳಗಿದ ಜನರನ್ನು ಕೂರಿಸಿ, ಯೋಚನೆ ಮಾಡುವಾಗ ಒಳಗೆ ಏನು ನಡೆಯುತ್ತದೆ ಅಂತ ವರದಿ ಕೇಳಿದರು. ಯೋಚನೆಯಲ್ಲಿ ಯಾವಾಗಲೂ ಏನಾದರೂ ಚಿತ್ರವೋ ಸಂವೇದನೆಯೋ ಇದ್ದೇ ಇರುತ್ತದೆ ಅಂತ ಟಿಚನರ್ ಕಡೆಯವರು ಹೇಳಿದರು. ಚಿತ್ರವೇ ಇಲ್ಲದ ಯೋಚನೆಯೂ ಇದೆ ಅಂತ ವ್ಯುರ್ಟ್ಸ್‌ಬರ್ಗ್‌ನವರು. ಯಾರದು ಸರಿ? ತೀರ್ಮಾನ ಮಾಡಲು ದಾರಿಯೇ ಇರಲಿಲ್ಲ. ಯಾರ ಪ್ರಯೋಗಶಾಲೆಗೆ ಹೋದರೆ ಅವರ ಸಿದ್ಧಾಂತಕ್ಕೆ ಒಪ್ಪುವ ಉತ್ತರವೇ ಸಿಗುತ್ತಿತ್ತು. ನಮ್ಮಲ್ಲೂ ಒಳಗೆ ನೋಡಿಕೊಂಡವರ ದೊಡ್ಡ ಪರಂಪರೆ ಇದೆ. ಯೋಗದವರು ಇದ್ದಾರೆ, ವಚನಕಾರರು ಇದ್ದಾರೆ. ಅದರ ಆಳದ ಬಗ್ಗೆ ನನಗೆ ಗೌರವ ಇದೆ. ಆದರೆ ಇಬ್ಬರ ಒಳನೋಟ ಬೇರೆಯಾದಾಗ ಮೂರನೆಯವರು ಪರೀಕ್ಷಿಸುವುದು ಹೇಗೆ ಅನ್ನುವ ಪ್ರಶ್ನೆ ವಿಜ್ಞಾನದ್ದು. ಆ ಪ್ರಶ್ನೆಗೆ ಇಲ್ಲಿ ಉತ್ತರ ಸಿಗಲಿಲ್ಲ.

ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಹೆಸರು ಮಾಡಿತ್ತು. ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟನ್ ನಿವೃತ್ತ ಮೇಷ್ಟ್ರು. ಲೆಕ್ಕ ಕೇಳಿದರೆ ಕುದುರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಒಡೆಯ ಇಲ್ಲದಾಗ ಬೇರೆಯವರು ಕೇಳಿದರೂ ಹೇಳುತ್ತಿತ್ತು. ಮೋಸ ಏನೂ ಕಾಣಲಿಲ್ಲ. 1904ರಲ್ಲಿ ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಅವರ ತಂಡ ಬಂದು ನೋಡಿತು, ಅವರಿಗೂ ಕಾಣಲಿಲ್ಲ.

ಆಮೇಲೆ ಸ್ಟುಂಫ್ ಅವರ ಶಿಷ್ಯ ಆಸ್ಕರ್ ಫುಂಗ್ಸ್ಟ್ ತಾಳ್ಮೆಯಿಂದ ಒಂದೊಂದನ್ನೇ ಬದಲಿಸಿ ನೋಡಿದರು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದಾಗ ಕುದುರೆ ತಪ್ಪಿತು. ಕಣ್ಣಿಗೆ ಮರೆ ಕಟ್ಟಿ ಕೇಳುವವನು ಕಾಣದಂತೆ ಮಾಡಿದಾಗಲೂ ತಪ್ಪಿತು. ಅಲ್ಲಿಗೆ ಗುಟ್ಟು ಬಯಲಾಯಿತು. ಗೊರಸು ಸರಿಯಾದ ಸಂಖ್ಯೆಗೆ ಬಂದಾಗ ಕೇಳುವವರ ತಲೆ ಕೂದಲೆಳೆಯಷ್ಟು ಮೇಲಕ್ಕೆ ಏಳುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ಗುಟ್ಟು ಗೊತ್ತಾದ ಮೇಲೂ ಫುಂಗ್ಸ್ಟ್‌ಗೆ ತಮ್ಮ ತಲೆ ಅಲುಗುವುದನ್ನು ಪೂರ್ತಿ ತಡೆಯಲು ಆಗಲಿಲ್ಲ.

ಕಿನ್ನೆಬ್ರೂಕ್ ಕತೆ ಇಲ್ಲಿ ಮರಳಿ ಬಂದಂತಾಯಿತು. ಆಗ ನೋಡುವವನ ತಡ ಅಳತೆಯೊಳಗೆ ಸೇರಿಕೊಂಡಿತ್ತು. ಈಗ ಕೇಳುವವನ ನಿರೀಕ್ಷೆಯೇ ಉತ್ತರದೊಳಗೆ ಸೇರಿಕೊಂಡಿತ್ತು. ಹೊಸ ಔಷಧಿ ಪರೀಕ್ಷಿಸುವಾಗ ರೋಗಿಗೂ ಡಾಕ್ಟರಿಗೂ ಯಾವುದು ನಿಜವಾದ ಮಾತ್ರೆ ಅಂತ ಹೇಳದೆ ಇಡುತ್ತಾರಲ್ಲ, ಅದರ ಹಿಂದೆ ಇರುವುದೂ ಇದೇ ಎಚ್ಚರ.

1913ರಲ್ಲಿ ಜಾನ್ ವಾಟ್ಸನ್ ಒಳಗಿನ ಮಾತೇ ಬೇಡ, ಹೊರಗೆ ಕಾಣುವ ನಡವಳಿಕೆಯಷ್ಟೇ ವಿಜ್ಞಾನ ಅಂತ ಘೋಷಿಸಿದರು. ರೋಗಕ್ಕಿಂತ ಔಷಧಿಯೇ ಕಹಿಯಾಯಿತು ಅಂತ ನನಗನ್ನಿಸುತ್ತದೆ. ಅದು ಬೇರೆಯೇ ಕತೆ.

ಒಬ್ಬನೇ ಕೂತು ಮರೆತವರು

ಇವರೆಲ್ಲರ ನಡುವೆ ನನ್ನ ಮನಸ್ಸಿಗೆ ಹತ್ತಿರದವರು ಹರ್ಮನ್ ಎಬಿಂಗ್‌ಹೌಸ್. ಪ್ರಯೋಗಶಾಲೆ ಇಲ್ಲ, ಶಿಷ್ಯರಿಲ್ಲ. ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. ಅರ್ಥ ಇಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ಮಾಡಿಕೊಂಡರು. ಅರ್ಥ ಇದ್ದರೆ ಹಳೆಯ ನೆನಪು ಅಂಟಿಕೊಂಡು ಅಳತೆ ಕೆಡುತ್ತದಲ್ಲ, ಅದಕ್ಕೆ. ಗಡಿಯಾರ ಇಟ್ಟುಕೊಂಡು ಒಂದೇ ವೇಗದಲ್ಲಿ ಓದಿ ಬಾಯಿಪಾಠ ಮಾಡಿದರು. ಇಷ್ಟು ಹೊತ್ತು ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿತರು. ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಅನ್ನುವುದೇ ನೆನಪಿನ ಅಳತೆ. 20 ನಿಮಿಷ ಆದ ಮೇಲೆ ಉಳಿದದ್ದು ಶೇ. 58. ಒಂದು ದಿನಕ್ಕೆ ಶೇ. 34ರ ಹತ್ತಿರ. ಒಂದು ತಿಂಗಳಿಗೆ ಶೇ. 21. ಮರೆವು ಮೊದಲು ಜಾರುತ್ತದೆ, ಆಮೇಲೆ ನಿಧಾನವಾಗುತ್ತದೆ. ಇದನ್ನು 1885ರಲ್ಲಿ ಪ್ರಕಟಿಸಿದರು. ಮನೋವಿಜ್ಞಾನಕ್ಕೆ ದೀರ್ಘ ಭೂತಕಾಲ ಇದೆ, ಆದರೆ ಅದರ ಇತಿಹಾಸ ಚಿಕ್ಕದು ಅಂತ ಹೇಳಿದವರೂ ಅವರೇ.

130 ವರ್ಷ ಕಳೆದು, 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಇಬ್ಬರು ಸಂಶೋಧಕರು ಇದನ್ನೇ ಮತ್ತೆ ಮಾಡಿದರು. ಒಬ್ಬರು 70 ಗಂಟೆ ಕೂತು ಅರ್ಥವಿಲ್ಲದ ಪಟ್ಟಿಗಳನ್ನು ಕಲಿತರು, ಮರೆತರು, ಮತ್ತೆ ಕಲಿತರು. ಗೆರೆ ಹೆಚ್ಚುಕಮ್ಮಿ ಅದೇ ಬಂತು.

ಅದೇ 2015ರಲ್ಲಿ ಇನ್ನೊಂದು ಸುದ್ದಿಯೂ ಬಂತು. 270 ಜನ ಸಂಶೋಧಕರು ಸೇರಿ, ಒಳ್ಳೆಯ ಸಂಶೋಧನಾ ಪತ್ರಿಕೆಗಳಲ್ಲಿ ಬಂದಿದ್ದ 100 ಮನೋವಿಜ್ಞಾನ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಪರಿಣಾಮ ಇದೆ ಅಂದಿದ್ದವು. ಮತ್ತೆ ಮಾಡಿದಾಗ ಶೇ. 36ರಲ್ಲಿ ಮಾತ್ರ ಅದು ಕಂಡಿತು.

ಇದು ಹೇಗಾಯಿತು? ಎಲ್ಲರೂ ಸುಳ್ಳು ಹೇಳಿದರು ಅಂತಲ್ಲ. ಚೌಕಾಬಾರ ಆಡುವಾಗ ನೂರು ಸಲ ಕವಡೆ ಹಾಕಿ, ಬಾರ ಬಿದ್ದ ಸಲ ಮಾತ್ರ ಬರೆದಿಟ್ಟರೆ ಏನಾಗುತ್ತದೆ? ನೋಡಿದವರು ಇವನ ಕೈಯಲ್ಲಿ ಏನೋ ಇದೆ ಅಂದುಕೊಳ್ಳುತ್ತಾರೆ. ಪತ್ರಿಕೆಗಳು ಪರಿಣಾಮ ಕಂಡ ಪ್ರಯೋಗಗಳನ್ನಷ್ಟೇ ಅಚ್ಚು ಹಾಕಿದವು. ಕಾಣದವು ಮೇಜಿನ ಡ್ರಾಯರಿನಲ್ಲಿ ಉಳಿದವು. ಕಡಿಮೆ ಜನರ ಮೇಲೆ ಮಾಡಿದ ಪ್ರಯೋಗ, ಲೆಕ್ಕವನ್ನು ಹತ್ತು ರೀತಿಯಲ್ಲಿ ಹಾಕಿ ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳುವ ಅಭ್ಯಾಸ, ಎಲ್ಲ ಸೇರಿಕೊಂಡವು. ಹಾನ್ಸ್‌ಗೆ ಲೆಕ್ಕ ಕೇಳಿದವರ ಹಾಗೆ, ತಲೆ ಅಲುಗಿದ್ದು ಅವರಿಗೇ ಗೊತ್ತಾಗಲಿಲ್ಲ.

ಈಗ ಬಹಳ ಜನ ಪ್ರಯೋಗಕ್ಕೆ ಮುಂಚೆಯೇ ಏನು ನೋಡುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಅಂತ ಬರೆದು ನೋಂದಾಯಿಸುತ್ತಾರೆ. ಕೆಲವು ಪತ್ರಿಕೆಗಳು ಫಲಿತಾಂಶ ಬರುವ ಮೊದಲೇ, ವಿಧಾನ ನೋಡಿಯೇ ಲೇಖನ ಒಪ್ಪಿಕೊಳ್ಳುತ್ತವೆ. ಇದನ್ನು ನೋಡಿ 'ಮನೋವಿಜ್ಞಾನವೇ ಬೊಗಳೆ' ಅನ್ನುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತನ್ನದೇ ನೂರು ಪ್ರಯೋಗಗಳನ್ನು ಎಲ್ಲರ ಮುಂದೆ ಇಟ್ಟು ತೂಗಿದ್ದು ಧೈರ್ಯದ ಕೆಲಸ. ಬೆಸೆಲ್ ಮಾಡಿದ್ದೂ ಇದನ್ನೇ.

ಇನ್ನೊಂದು ಕೊರತೆ ಇದೆ. ಅಮೆರಿಕದ ಪ್ರಮುಖ ಪತ್ರಿಕೆಗಳನ್ನು 2008ರಲ್ಲಿ ಎಣಿಸಿ ನೋಡಿದಾಗ ಪ್ರಯೋಗಕ್ಕೆ ಕೂತವರಲ್ಲಿ ಶೇ. 96 ಜನ ಪಾಶ್ಚಾತ್ಯ ಶ್ರೀಮಂತ ದೇಶಗಳವರಾಗಿದ್ದರು. ಆ ದೇಶಗಳಲ್ಲಿ ಇರುವುದು ಪ್ರಪಂಚದ ಶೇ. 12 ಜನ. ಮನುಷ್ಯನ ಮನಸ್ಸು ಹೀಗೆ ಅಂತ ಬರೆದದ್ದರಲ್ಲಿ ಬಹುಪಾಲು ಅವರ ಮನಸ್ಸು. ವುಂಟ್ ಬಿಟ್ಟುಹೋದ ಹತ್ತು ಸಂಪುಟ ಇಲ್ಲಿ ನೆನಪಾಗುತ್ತದೆ.

ಪ್ಯಾರಿಸ್‌ನಿಂದ ಧಾರವಾಡಕ್ಕೆ

ಮತ್ತೆ ಆ 84ಕ್ಕೆ ಬರುತ್ತೇನೆ.

ಲಂಡನ್ನಿನಲ್ಲಿ ಫ್ರಾನ್ಸಿಸ್ ಗಾಲ್ಟನ್ 1884ರ ವಸ್ತುಪ್ರದರ್ಶನದಲ್ಲಿ ಅಂಗಡಿ ತೆರೆದಂತೆ ಅಳತೆ ಕೇಂದ್ರ ತೆರೆದಿದ್ದರು. ಮೂರು ಪೆನ್ಸ್ ಕೊಟ್ಟರೆ ಕಣ್ಣು, ಕಿವಿ, ಹಿಡಿತದ ಬಲ, ಪ್ರತಿಕ್ರಿಯೆಯ ವೇಗ ಎಲ್ಲ ಅಳೆದು ಚೀಟಿ ಕೊಡುತ್ತಿದ್ದರು. 9,000ಕ್ಕೂ ಹೆಚ್ಚು ಜನ ಅಳೆಸಿಕೊಂಡರು. ಚುರುಕು ಇಂದ್ರಿಯ ಅಂದರೆ ಚುರುಕು ಬುದ್ಧಿ ಅನ್ನುವುದು ಅವರ ಎಣಿಕೆ. 1901ರಲ್ಲಿ ಅಮೆರಿಕದಲ್ಲಿ ಕ್ಲಾರ್ಕ್ ವಿಸ್ಲರ್ ಇಂಥ ಅಳತೆಗಳನ್ನು ಕಾಲೇಜು ಹುಡುಗರ ಅಂಕಗಳ ಜೊತೆ ಹೋಲಿಸಿದರು. ಸಂಬಂಧ ಸಿಗಲಿಲ್ಲ.

ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ ಬೇರೆ ದಾರಿ ಹಿಡಿದರು. ಫ್ರಾನ್ಸ್‌ನಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಬರುವಂತಾಗಿತ್ತು. ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಹೆಚ್ಚಿನ ಸಹಾಯ ಕೊಡಬೇಕಿತ್ತು. ಮೇಷ್ಟ್ರ ಕೋಪತಾಪದ ಮೇಲೆ ಅದನ್ನು ಬಿಡುವಂತಿರಲಿಲ್ಲ. 1905ರಲ್ಲಿ ಬಿನೆ ಮತ್ತು ಸಿಮೋನ್ ಸೇರಿ 30 ಸಣ್ಣ ಕೆಲಸಗಳ ಅಳತೆಗೋಲು ಮಾಡಿದರು. ಸುಲಭದಿಂದ ಕಷ್ಟಕ್ಕೆ. ಮಗುವಿನ ಎದುರು ಕೂತು, ಒಬ್ಬೊಬ್ಬರಿಗೇ, ಸಮಾಧಾನವಾಗಿ. ಬುದ್ಧಿ ಹುಟ್ಟಿನಿಂದಲೇ ಇಷ್ಟೇ, ಬೆಳೆಸಲಾಗದು ಅನ್ನುವುದು ಕ್ರೂರವಾದ ನಿರಾಶಾವಾದ ಅಂತ ಬಿನೆ ಪ್ರತಿಭಟಿಸಿ ಬರೆದರು. 1911ರಲ್ಲಿ ತೀರಿಕೊಂಡರು.

ಆ ಅಳತೆಗೋಲು ಅಟ್ಲಾಂಟಿಕ್ ದಾಟಿತು. ಅಮೆರಿಕದಲ್ಲಿ ಅದು ಹುಟ್ಟುಬುದ್ಧಿಯ ಮಾಪಕವಾಯಿತು. ಹಡಗಿನಿಂದ ಇಳಿದ ವಲಸಿಗರ ಮೇಲೆ ಬಳಕೆಯಾಯಿತು. ಮೊದಲ ಮಹಾಯುದ್ಧದಲ್ಲಿ ಸುಮಾರು 17 ಲಕ್ಷ ಸೈನಿಕರನ್ನು ಸಾಲುಸಾಲಾಗಿ ಕೂರಿಸಿ ಇಂಥ ಪರೀಕ್ಷೆ ಮಾಡಿದರು. ಅದರಲ್ಲಿ ಕ್ರಿಸ್ಕೋ ಅಂದರೆ ಔಷಧಿಯೋ, ಹಲ್ಲುಪುಡಿಯೋ, ಆಹಾರ ಪದಾರ್ಥವೋ ಅನ್ನುವ ಪ್ರಶ್ನೆ ಇತ್ತು. ಅದು ಅಲ್ಲಿನ ಅಂಗಡಿಯಲ್ಲಿ ಸಿಗುವ ಅಡುಗೆ ಕೊಬ್ಬು. ಈಗಷ್ಟೇ ಇಟಲಿಯಿಂದಲೋ ಪೋಲೆಂಡಿನಿಂದಲೋ ಬಂದ ಹುಡುಗನಿಗೆ ಅದು ಹೇಗೆ ಗೊತ್ತಿರಬೇಕು? ಗೊತ್ತಿಲ್ಲದ್ದಕ್ಕೆ ಬುದ್ಧಿ ಕಡಿಮೆ ಅಂತ ಬರೆದುಕೊಂಡರು. ಯಾರ ದೇಶದವರು ಬುದ್ಧಿವಂತರು, ಯಾರನ್ನು ಒಳಗೆ ಬಿಡಬಾರದು ಅನ್ನುವ ವಾದಕ್ಕೆ ಆ ಅಂಕಗಳನ್ನು ಎಳೆದು ತಂದರು. ಅಳತೆಗೋಲಿನಲ್ಲೇ ಊರು, ಭಾಷೆ, ಅಡುಗೆಮನೆ ಸೇರಿಕೊಂಡಿದೆ ಅಂತ ಅನುಮಾನಪಟ್ಟವರು ಆಗಲೂ ಇದ್ದರು. ಅವರ ಮಾತು ಬೇಗ ಕೇಳಿಸಲಿಲ್ಲ.

ನಮ್ಮಲ್ಲಿ ಈ ವಿಷಯ ಅರ್ಥ ಮಾಡಿಕೊಂಡವರು ಒಬ್ಬರು ಇದ್ದರು ಅನ್ನುವುದು ನನಗೆ ಹೆಮ್ಮೆ. ವಿ.ವಿ. ಕಾಮತ್ ಧಾರವಾಡದಲ್ಲಿ ಕೂತು, ಬಿನೆ ಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ಹೊಂದಿಸಿದರು. 1930ರ ದಶಕದ ಕೆಲಸ ಅದು. ಅನುವಾದ ಮಾಡಿ ಬಿಡುವುದಾಗಿದ್ದರೆ ಸುಲಭ. ಯಾವ ಪ್ರಶ್ನೆ ಯಾವ ವಯಸ್ಸಿನ ಮಗುವಿಗೆ ಸರಿ ಅಂತ ಇಲ್ಲಿನ ಮಕ್ಕಳಿಗೇ ಕೇಳಿ ತೀರ್ಮಾನ ಮಾಡಬೇಕು. ಅದು ಬಿನೆ-ಕಾಮತ್ ಪರೀಕ್ಷೆ ಅಂತ ದೇಶದಲ್ಲೆಲ್ಲ ಹೆಸರಾಯಿತು, ಈಗಲೂ ಬಳಕೆಯಲ್ಲಿದೆ. ಇಷ್ಟು ವರ್ಷ ಆದ ಮೇಲೂ ಅದನ್ನೇ ನೆಚ್ಚಿಕೊಂಡಿರುವುದು ಬೇಸರದ ಸಂಗತಿ. ಆ ಕಾಲದ ಮಗು ಬೇರೆ, ಈ ಕಾಲದ ಮಗು ಬೇರೆ. ಕಾಮತ್ ಅವರ ಕೆಲಸವನ್ನು ನಾವು ಹೊಸದಾಗಿ ಮಾಡಿಕೊಳ್ಳಬೇಕು.

ಅಕ್ಕ ಮಗನನ್ನು ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿನ ಮನೋವಿಜ್ಞಾನಿ ಶಾಲೆಯ ಹಾಳೆಯನ್ನು ಓದಿ ಪಕ್ಕಕ್ಕೆ ಇಟ್ಟರು. "ತಿಂಡಿ ಏನು ತಿಂದೆ ಪುಟ್ಟ?" ಅಂತ ಶುರು ಮಾಡಿದರು. ಅವನು ಉಪ್ಪಿಟ್ಟು ಅಂದ, ಮುಖ ಸಿಂಡರಿಸಿದ. ಆಟದ ಮರದ ತುಂಡುಗಳನ್ನು ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರು. ಆಮೇಲೆ ಒಂದು ಗಂಟೆಗೂ ಜಾಸ್ತಿ, ಪೂರ್ತಿ ಕನ್ನಡದಲ್ಲಿ, ಅವನ ಎದುರೇ ಕೂತು ಕೇಳಿದರು. ಓದುವಾಗ ಅವನು ಕಣ್ಣು ಕಿರಿದು ಮಾಡಿದ್ದನ್ನು ನೋಡಿ ಏನೋ ಬರೆದುಕೊಂಡರು.

ಅಕ್ಕ ಎಷ್ಟು ಬಂತು ಮೇಡಂ ಅಂತ ಕೇಳಿದಳು. ಅವರು ಒಂದೇ ಸಂಖ್ಯೆ ಹೇಳಲಿಲ್ಲ. ಇಷ್ಟರಿಂದ ಇಷ್ಟರ ನಡುವೆ ಅಂದರು, ಅವನ ವಯಸ್ಸಿಗೆ ಸರಿಯಾಗೇ ಇದೆ ಅಂದರು. "ಮೊದಲು ಕಣ್ಣು ತೋರಿಸಿ. ಆರು ತಿಂಗಳು ಬಿಟ್ಟು ಬನ್ನಿ, ಮತ್ತೆ ನೋಡೋಣ."

ಕನ್ನಡಕ ಬಂತು. ಈಗ ಮುಂದಿನ ಬೆಂಚು ಬೇಡ ಅಂತ ಹಿಂದೆ ಹೋಗಿ ಕೂರುತ್ತಾನಂತೆ.